ಭಾರ ಎತ್ತಬೇಕಾ, ಜಿಗಿದು ಜಿಗಿದೇ ಕಲಿಯಬೇಕಾ? ಬ್ಯಾಸ್ಕೆಟ್‌ಬಾಲ್ ಆಡುವವರು ಕಾಲಿನ ಕಸರತ್ತು ಆರಿಸುವ ಬಗೆ

ರಿಂಗ್ ಇರುವುದು ನೆಲದಿಂದ 3.05 ಮೀಟರ್ ಎತ್ತರದಲ್ಲಿ. ಲೆಕ್ಕಕ್ಕೆ ಹತ್ತು ಅಡಿ. ಐದು ಅಡಿ ಹನ್ನೊಂದು ಇಂಚಿನ ಹುಡುಗ ಕೈ ಮೇಲೆತ್ತಿ ನಿಂತರೆ ಬೆರಳ ತುದಿ ಸುಮಾರು 235 ಸೆಂ.ಮೀ. ಮುಟ್ಟುತ್ತದೆ. ರಿಂಗ್ ತಾಕಬೇಕಾದರೆ ಅವನು ಇನ್ನೂ 70 ಸೆಂ.ಮೀ. ಮೇಲೇಳಬೇಕು. ಡಂಕ್, ಅಂದರೆ ಚೆಂಡನ್ನು ಮೇಲಿಂದಲೇ ರಿಂಗಿನೊಳಗೆ ತುರುಕುವುದಾದರೆ ಚೆಂಡು ಹಿಡಿದ ಅಂಗೈ ರಿಂಗಿಗಿಂತ ಮೇಲೆ ಹೋಗಬೇಕಲ್ಲ, ಅದಕ್ಕೆ ಮತ್ತೊಂದು 15 ಸೆಂ.ಮೀ. ಸೇರಿಸಿ. ಕಾಲೇಜು ಮಟ್ಟದಲ್ಲಿ ಚೆನ್ನಾಗಿ ಆಡುವ ಹುಡುಗರು ಕೈ ಬೀಸಿ ನಿಂತಲ್ಲೇ ಜಿಗಿದರೆ 50-60 ಸೆಂ.ಮೀ. ಆಸುಪಾಸು ಏಳುತ್ತಾರೆ. ಮಿಕ್ಕಿದ್ದನ್ನು ಎಲ್ಲಿಂದ ತರುವುದು?

ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜಿಮ್‌ನವರು ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು) ಹೊಡಿ ಅನ್ನುತ್ತಾರೆ. ಅಥ್ಲೆಟಿಕ್ಸ್ ಕಡೆಯವರು ಬಾಕ್ಸ್ ಮೇಲಿಂದ ಜಿಗಿ ಅನ್ನುತ್ತಾರೆ. ಫೋನ್ ತೆಗೆದರೆ ಯಾರೋ ಒಬ್ಬ ಒಂದೇ ತಿಂಗಳಲ್ಲಿ ಹನ್ನೆರಡು ಇಂಚು ಏರಿಸಿಕೊಡುತ್ತೇನೆ ಅಂತ ಕೂತಿರುತ್ತಾನೆ. ನಾನು ಆಡುತ್ತಿದ್ದಾಗ ನನಗೆ ಸಿಕ್ಕ ಉತ್ತರ ಕಪ್ಪೆ ಜಿಗಿತ. ಎರಡು ಗಂಟೆ ಅಭ್ಯಾಸ ಮುಗಿದ ಮೇಲೆ, ಸೋತ ಕಾಲಲ್ಲಿ, ಸಿಮೆಂಟ್ ಕೋರ್ಟಿನ ಸುತ್ತ ಮೂರು ರೌಂಡ್. ಎರಡು ತಿಂಗಳು ಬಿಡದೆ ಮಾಡಿದೆ. ಜಿಗಿತ ಒಂದು ಇಂಚೂ ಏರಲಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ಒಂದು ನೋವು ಬಂದು ಕೂತಿತು, ಅಷ್ಟೇ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಿತ್ತು. ಆ ಸೀಸನ್‌ನಲ್ಲಿ ಅರ್ಧ ಬೆಂಚಿನ ಮೇಲೇ ಕಳೆಯಿತು.

ಆಮೇಲೆ ಗೊತ್ತಾಯಿತು, ಆಗ ನನ್ನ ಕಾಲಿಗೆ ಬೇಕಿದ್ದದ್ದೇ ಬೇರೆ. ತೊಡೆಯಲ್ಲಿ ಬಲವೇ ಇರಲಿಲ್ಲ. ಬಲ ಇಲ್ಲದ ಕಾಲಿಗೆ ಎಷ್ಟು ಜಿಗಿಸಿದರೂ ಅದು ತರುವುದಾದರೂ ಏನನ್ನು? ಅದಕ್ಕೇ ಈ ಬರಹದಲ್ಲಿ ಯಾವ ವಿಧಾನ ದೊಡ್ಡದು ಅನ್ನುವ ಜಗಳಕ್ಕೆ ಹೋಗುವುದಿಲ್ಲ. ಯಾವ ಕಾಲಿಗೆ ಯಾವುದು ಹೊಂದುತ್ತದೆ ಅಂತ ನೋಡೋಣ.

ಟ್ರ್ಯಾಕ್ಟರಿನ ಬಲ, ಬೈಕಿನ ಪಿಕಪ್

ಕಾಲು ನೆಲ ಬಿಡುವ ಕ್ಷಣದಲ್ಲಿ ಮೈಗೆ ಎಷ್ಟು ವೇಗ ಇದೆಯೋ, ಅದರ ಮೇಲೆ ನಿಮ್ಮ ಎತ್ತರ ನಿಂತಿದೆ. ನೆಲ ಬಿಟ್ಟ ಮೇಲೆ ಗಾಳಿಯಲ್ಲಿ ಏನು ಒದ್ದಾಡಿದರೂ ಆ ಎತ್ತರ ಬದಲಾಗಲ್ಲ. ಆ ವೇಗ ಬರಬೇಕಾದರೆ ನೆಲವನ್ನು ಜೋರಾಗಿ ಒತ್ತಬೇಕು. ಜೋರಾಗಿ ಅಂದರೆ ಸಾಲದು, ಇರುವ ಸ್ವಲ್ಪ ಹೊತ್ತಿನಲ್ಲೇ ಒತ್ತಬೇಕು. ಎಲ್ಲ ತಕರಾರೂ ಇಲ್ಲೇ ಶುರುವಾಗುವುದು.

ಸ್ನಾಯು ತನ್ನ ಪೂರ್ತಿ ಬಲ ತೋರಿಸಲು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತಾದರೂ ಬೇಕು. ರಿಬೌಂಡ್‌ಗೆ (ರಿಂಗಿಗೆ ಬಡಿದು ವಾಪಸ್ ಬಂದ ಚೆಂಡಿಗೆ) ನಿಂತಲ್ಲೇ ಕುಸಿದು ಜಿಗಿಯುವಾಗ ಅಷ್ಟು ಸಮಯ ಸಿಗುತ್ತದೆ. ಓಡಿಬಂದು ಒಂಟಿ ಕಾಲಲ್ಲಿ ಲೇಅಪ್‌ಗೆ (ರಿಂಗಿನ ಹತ್ತಿರದಿಂದ ಚೆಂಡು ಹಾಕುವುದಕ್ಕೆ) ಏಳುವಾಗ ಪಾದ ನೆಲದ ಮೇಲಿರುವುದು ಸುಮಾರು 0.2 ಸೆಕೆಂಡ್. ಓಟ ಶುರುವಾದ ಮೊದಲ ಹೆಜ್ಜೆಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಪೂರ್ತಿ ವೇಗ ಹಿಡಿದ ಮೇಲಂತೂ 0.1 ಸೆಕೆಂಡಿಗೆ ಇಳಿಯುತ್ತದೆ. ಟ್ರ್ಯಾಕ್ಟರಿಗೆ ಬಲ ಇದೆ, ಪಿಕಪ್ ಇಲ್ಲ. ಬೈಕಿಗೆ ಪಿಕಪ್ ಇದೆ, ನೇಗಿಲು ಕಟ್ಟಿದರೆ ನಿಂತುಬಿಡುತ್ತದೆ. ನಿಮ್ಮದು ಯಾವ ಗಾಡಿ ಅಂತ ತಿಳಿದರೆ ಅರ್ಧ ಕೆಲಸ ಆದಂತೆ.

ಇನ್ನು ಓಟ. ಕೋರ್ಟಿನ ಉದ್ದ 28 ಮೀಟರ್, ಅಗಲ 15. ಚೆಂಡು ಸಿಕ್ಕ ಕೂಡಲೇ ಎದುರಿನ ರಿಂಗಿಗೆ ನುಗ್ಗುವ ಫಾಸ್ಟ್ ಬ್ರೇಕ್‌ನಲ್ಲೂ ಪೂರ್ತಿ ಉದ್ದ ನೇರವಾಗಿ ಓಡುವುದು ಅಪರೂಪ. ನೂರು ಮೀಟರ್ ಓಟಗಾರನ ಗರಿಷ್ಠ ವೇಗ ನಮಗೆ ಅಷ್ಟು ಕೆಲಸಕ್ಕೆ ಬರಲ್ಲ. ಮೊದಲ ನಾಲ್ಕೈದು ಹೆಜ್ಜೆಯಲ್ಲಿ ಎದುರಿನವನನ್ನು ಹಿಂದೆ ಹಾಕಿದರೆ ಸಾಕು. ಆ ಹೆಜ್ಜೆಗಳಲ್ಲಿ ಪಾದ ನೆಲದ ಮೇಲೆ ತುಸು ಹೆಚ್ಚು ಹೊತ್ತು ಇರುತ್ತದೆ, ಮೈ ಮುಂದಕ್ಕೆ ಬಾಗಿರುತ್ತದೆ, ತಳ್ಳುವುದು ಹಿಂದಕ್ಕೆ. ಹಾಗಾಗಿ ಅಲ್ಲಿ ಬಲಕ್ಕೆ ಬೆಲೆ ಜಾಸ್ತಿ.

ಭಾರದ ಸ್ಕ್ವಾಟ್: ನಿಧಾನದ ದಾರಿ, ಆದರೆ ಅಡಿಪಾಯ

ಮೊದಲ ದಾರಿ ಎಲ್ಲರಿಗೂ ಗೊತ್ತಿರುವುದೇ. ಹೆಗಲ ಮೇಲೆ ಬಾರ್‌ಬೆಲ್ ಇಟ್ಟು ಸ್ಕ್ವಾಟ್. ಜೊತೆಗೆ ನೆಲದಿಂದ ಬಾರ್ ಎತ್ತಿ ನಿಲ್ಲುವ ಡೆಡ್‌ಲಿಫ್ಟ್, ಒಂದು ಕಾಲನ್ನು ಹಿಂದೆ ಬೆಂಚಿನ ಮೇಲಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್. ಒಂದು ಸಲಕ್ಕೆ ಎಷ್ಟು ಎತ್ತಬಲ್ಲಿರೋ ಅದರ 80ರಿಂದ 90 ಶೇಕಡಾ ಭಾರ, ಮೂರರಿಂದ ಐದು ರೆಪ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್), ಅಂಥ ಮೂರ್ನಾಲ್ಕು ಸೆಟ್. ಸೆಟ್ಟಿನ ನಡುವೆ ಮೂರು ನಿಮಿಷ ಸುಮ್ಮನೆ ಕೂರಬೇಕು. ಈ ಕೂರುವುದೇ ನಮ್ಮ ಹುಡುಗರಿಗೆ ಕಷ್ಟ. ಬೆವರು ಸುರಿಯದಿದ್ದರೆ ಕಸರತ್ತೇ ಅಲ್ಲ ಅಂದುಕೊಂಡಿರುತ್ತಾರೆ.

ಹೊಸಬರು ಗರಿಷ್ಠ ಭಾರ ಎಷ್ಟು ಅಂತ ಪರೀಕ್ಷೆ ಮಾಡುವ ಗೋಜಿಗೆ ಹೋಗಬೇಡಿ. ಐದು ರೆಪ್ ಎತ್ತಿದ ಮೇಲೆ 'ಇನ್ನೆರಡು ಎತ್ತಬಹುದಿತ್ತು' ಅನ್ನಿಸುವ ಭಾರ ಸಾಕು. ಅದನ್ನೇ ವಾರಕ್ಕೆ ಎರಡೂವರೆ ಕೆ.ಜಿ. ಏರಿಸುತ್ತಾ ಹೋಗಿ. ಮೊದಲ ಆರೆಂಟು ವಾರದಲ್ಲಿ ಬಲ ಬೇಗ ಬೇಗ ಏರುತ್ತದೆ. ಆಗ ತೊಡೆ ದಪ್ಪ ಆಗಿರುವುದಿಲ್ಲ. ಇರುವ ಸ್ನಾಯುವನ್ನೇ ಒಟ್ಟಿಗೆ ಕೆಲಸಕ್ಕೆ ಕರೆಯುವುದನ್ನು ನರಗಳು ಕಲಿತಿರುತ್ತವೆ. ಭಾರ ಎತ್ತಿದರೆ ಮೈ ದಪ್ಪಗಾಗಿ ಓಟ ನಿಧಾನ ಆಗುತ್ತದೆ ಅಂತ ಹೆದರುವವರಿಗೆ ಇದೇ ಉತ್ತರ.

ಇದರಿಂದ ಜಾಸ್ತಿ ಲಾಭ ಯಾರಿಗೆ? ಬಲ ಕಮ್ಮಿ ಇರುವವರಿಗೆ. ಒಂದು ಅಂದಾಜು ಹೇಳುತ್ತೇನೆ, ಇದನ್ನು ಕಾನೂನು ಅಂದುಕೊಳ್ಳಬೇಡಿ. ಹುಡುಗರು ತಮ್ಮ ಮೈತೂಕದ ಒಂದೂವರೆ ಪಟ್ಟು, ಹುಡುಗಿಯರು ಒಂದೂಕಾಲು ಪಟ್ಟು ಸರಿಯಾದ ಆಳಕ್ಕೆ ಸ್ಕ್ವಾಟ್ ಮಾಡುವ ತನಕ ಬಲವೇ ಮೊದಲ ಕೆಲಸ. 70 ಕೆ.ಜಿ. ಹುಡುಗನಿಗೆ ಅದು 105 ಕೆ.ಜಿ. ಅಲ್ಲಿಗೆ ಮುಟ್ಟಿದ ಮೇಲೆ ಇನ್ನೊಂದು 20 ಕೆ.ಜಿ. ಏರಿಸಿದರೂ ಜಿಗಿತ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಟ್ರ್ಯಾಕ್ಟರಿಗೆ ಇನ್ನೂ ದೊಡ್ಡ ಎಂಜಿನ್ ಕೂರಿಸಿದ ಹಾಗೆ.

ನಮ್ಮ ಊರುಗಳ ಜಿಮ್‌ಗಳಲ್ಲಿ ಒಂದು ತೊಂದರೆ ಇದೆ. ಫಳಫಳ ಹೊಳೆಯುವ ಕನ್ನಡಿ ಇರುತ್ತದೆ, ಮೂರು ಬಗೆಯ ಬೈಸೆಪ್ಸ್ ಮಷೀನ್ ಇರುತ್ತದೆ, ಸ್ಕ್ವಾಟ್ ರ‍್ಯಾಕ್ ಮಾತ್ರ ಇರಲ್ಲ. ಸ್ಮಿತ್ ಮಷೀನ್ ತೋರಿಸಿ ಇದರಲ್ಲೇ ಮಾಡಿ ಅನ್ನುತ್ತಾರೆ. ಬಾರ್ ಕಂಬಿಯೊಳಗೆ ಜಾರುವುದರಿಂದ ಮೈಯನ್ನು ನೀವು ನಿಲ್ಲಿಸಿಕೊಳ್ಳುವ ಕೆಲಸವೇ ತಪ್ಪಿಹೋಗುತ್ತದೆ. ಕೂತು ಕಾಲಲ್ಲಿ ಭಾರ ತಳ್ಳುವ ಲೆಗ್ ಪ್ರೆಸ್ ಕಥೆಯೂ ಅಷ್ಟೇ. ಅದರ ಬದಲು ಎರಡು ಕೈಯಲ್ಲಿ ಭಾರದ ಡಂಬಲ್ ಹಿಡಿದು ಸ್ಪ್ಲಿಟ್ ಸ್ಕ್ವಾಟ್ ಮಾಡುವುದು ನನ್ನ ಲೆಕ್ಕದಲ್ಲಿ ಎಷ್ಟೋ ವಾಸಿ. ಲೇಅಪ್ ಆಗಲಿ ಓಟ ಆಗಲಿ, ಒಂದೊಂದೇ ಕಾಲಿನ ಕೆಲಸ ಅಲ್ವಾ?

ಪ್ಲಯೊಮೆಟ್ರಿಕ್ಸ್: ರಬ್ಬರಿನ ಆಟ

ಸ್ನಾಯು ಸರ್ರನೆ ಹಿಗ್ಗಿ, ತಕ್ಷಣ ಕುಗ್ಗಿದರೆ ಜಾಸ್ತಿ ಬಲ ಬರುತ್ತದೆ. ಕವಣೆ ರಬ್ಬರ್ ಎಳೆದು ಬಿಟ್ಟ ಹಾಗೆ. ಎಳೆದು ಹಿಡಿದುಕೊಂಡೇ ನಿಂತರೆ ಆ ಲಾಭದಲ್ಲಿ ಬಹುಪಾಲು ಕಳೆದುಹೋಗುತ್ತದೆ. ಮೀನಖಂಡದ ಕೆಳಗೆ, ಹಿಮ್ಮಡಿಯ ಮೇಲೆ ಇರುವ ದಪ್ಪ ನಾರು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಈ ಗುಣ ಬಳಸಿ ಜಿಗಿದು ಜಿಗಿದು ಮಾಡುವ ಕಸರತ್ತೇ ಪ್ಲಯೊಮೆಟ್ರಿಕ್ಸ್, ಚಿಕ್ಕದಾಗಿ ಪ್ಲಯೊ.

ಇದನ್ನು ಶಿಸ್ತಾಗಿ ತರಬೇತಿಗೆ ತಂದವರು ಸೋವಿಯತ್ ರಷ್ಯಾದ ಕೋಚ್ ಯೂರಿ ವೆರ್ಖೊಶಾನ್‌ಸ್ಕಿ. 1960ರ ದಶಕದಲ್ಲಿ ಅವರು ಜಿಗಿತದ ಕ್ರೀಡಾಪಟುಗಳನ್ನು ಎತ್ತರದಿಂದ ಕೆಳಗಿಳಿಸಿ, ನೆಲ ಮುಟ್ಟಿದ ಕೂಡಲೇ ಮೇಲೆ ಚಿಮ್ಮಿಸುತ್ತಿದ್ದರು. ಅವರು ಅದನ್ನು ಕರೆದದ್ದು 'ಆಘಾತದ ವಿಧಾನ' ಅಂತ. ಹೆಸರಲ್ಲೇ ಎಚ್ಚರಿಕೆ ಇದೆ. ಅವರ ಶಿಷ್ಯರು ಮೊದಲೇ ವರ್ಷಗಟ್ಟಲೆ ಭಾರ ಎತ್ತಿದ್ದವರು. ಈಗ ನಮ್ಮಲ್ಲಿ ಹದಿಮೂರು ವರ್ಷದ ಮಕ್ಕಳಿಗೂ ಮೊದಲ ವಾರವೇ ಎತ್ತರದ ಬಾಕ್ಸ್ ತಂದಿಡುತ್ತಾರೆ.

ಇಲ್ಲಿ ಬಾಕ್ಸ್ ಜಂಪ್ ಮತ್ತು ಡ್ರಾಪ್ ಜಂಪ್ ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ ಜನ. ಬಾಕ್ಸ್ ಮೇಲಕ್ಕೆ ಜಿಗಿಯುವುದು ಸುಲಭದ್ದು, ಇಳಿಯುವ ಹೊಡೆತ ಕಮ್ಮಿ. ಆದರೆ ಎತ್ತರದ ಬಾಕ್ಸ್ ಏರಿದ ವಿಡಿಯೋ ನೋಡಿ ಮರುಳಾಗಬೇಡಿ. ಮೊಣಕಾಲನ್ನು ಎದೆಗೆ ಮಡಚಿದವನು ಎತ್ತರದ ಬಾಕ್ಸ್ ಹತ್ತುತ್ತಾನೆ, ಅವನ ಸೊಂಟ ಅಷ್ಟೇನೂ ಮೇಲೇಳದೇ ಇರಬಹುದು. ಡ್ರಾಪ್ ಜಂಪ್‌ನಲ್ಲಿ 20-30 ಸೆಂ.ಮೀ. ಎತ್ತರದಿಂದ ಹೆಜ್ಜೆ ಇಟ್ಟು ಇಳಿದು, ಬಿಸಿ ಕಾವಲಿ ಮುಟ್ಟಿದವರಂತೆ ಮೇಲೇಳಬೇಕು. ಪಾದ ನೆಲದ ಮೇಲೆ ಕಾಲು ಸೆಕೆಂಡಿಗಿಂತ ಕಮ್ಮಿ ಇರಬೇಕು. ಹಿಮ್ಮಡಿ ಧೊಪ್ ಅಂತ ಸದ್ದು ಮಾಡಿದರೆ ಎತ್ತರ ಜಾಸ್ತಿಯಾಯಿತು ಅಂತ ಅರ್ಥ, ಇಳಿಸಿ. ಕಿವಿ ಇದ್ದರೆ ಸಾಕು, ಇದಕ್ಕೆ ಯಾವ ಯಂತ್ರವೂ ಬೇಡ.

ಇದರಿಂದ ಜಿಗಿತ ಏರುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ. 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದ ಒಂದು ವಿಶ್ಲೇಷಣೆಯಲ್ಲಿ, ಕುಸಿದು ಜಿಗಿಯುವ ಎತ್ತರ ಸರಾಸರಿ 8.7 ಶೇಕಡಾ ಏರಿತ್ತು. 50 ಸೆಂ.ಮೀ. ಜಿಗಿಯುವವನಿಗೆ ನಾಲ್ಕು ಸೆಂ.ಮೀ. ಚಿಲ್ಲರೆ. ಹನ್ನೆರಡು ಇಂಚಿನ ಜಾಹೀರಾತಿನ ಪಕ್ಕ ಈ ಲೆಕ್ಕ ಇಟ್ಟು ನೋಡಿ.

ಎಷ್ಟು ಮಾಡಬೇಕು ಅನ್ನುವಲ್ಲೇ ಬಹಳ ಜನ ಎಡವುವುದು. ಹೊಸಬರಿಗೆ ಒಂದು ದಿನಕ್ಕೆ 60ರಿಂದ 80 ಸಲ ಪಾದ ನೆಲ ಮುಟ್ಟಿದರೆ ಸಾಕು, ವಾರಕ್ಕೆ ಎರಡು ದಿನ. ಆಟದಲ್ಲೇ ಎಷ್ಟು ಜಿಗಿಯುತ್ತೀರಿ ಅನ್ನುವುದೂ ಲೆಕ್ಕಕ್ಕೆ ಸೇರಬೇಕು. 1995ರಲ್ಲಿ ಆಸ್ಟ್ರೇಲಿಯಾದ ಆಟಗಾರರನ್ನು ಗಮನಿಸಿ ಎಣಿಸಿದಾಗ ಒಬ್ಬೊಬ್ಬ ಒಂದು ಪಂದ್ಯದಲ್ಲಿ ಸರಾಸರಿ 46 ಸಲ ಜಿಗಿದಿದ್ದ. ಅದರ ಮೇಲೆ ಕಪ್ಪೆ ಜಿಗಿತದ ಮೂರು ರೌಂಡ್! ನನ್ನ ಮೊಣಕಾಲು ಯಾಕೆ ಕೂಗಿಕೊಂಡಿತು ಅಂತ ಈಗ ಅರ್ಥ ಆಗುತ್ತದೆ. ಈ ನೋವಿಗೆ 'ಜಂಪರ್ಸ್ ನೀ' ಅಂತಲೇ ಹೆಸರಿದೆ. ನಾರ್ವೆಯಲ್ಲಿ 2005ರಲ್ಲಿ ನೋಡಿದಾಗ ಉನ್ನತ ಮಟ್ಟದ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಮೂರರಲ್ಲಿ ಒಬ್ಬರಿಗೆ ಅದು ಇತ್ತು.

ನೆಲದ ವಿಷಯ ಬೇರೆ ಹೇಳಲೇಬೇಕು. ಕಂಠೀರವ ಒಳಾಂಗಣದಂಥ ಕಡೆ ಮರದ ನೆಲ, ಅದು ತುಸು ಬಳುಕುತ್ತದೆ. ನಮ್ಮ ಶಾಲೆ, ಕಾಲೇಜು, ಪಾರ್ಕುಗಳ ಕೋರ್ಟು ಹೆಚ್ಚಿನವು ಸಿಮೆಂಟಿನವು. ಪ್ಲಯೊ ಮಾಡುವುದಾದರೆ ಪಕ್ಕದ ಹುಲ್ಲಿನ ಮೇಲೋ ಗಟ್ಟಿ ಮಣ್ಣಿನ ಮೇಲೋ ಮಾಡಿ. ಮರಳು ಬೇಡ. ಮೊಣಕಾಲಿಗೆ ಹಿತ ಅನ್ನಿಸಿದರೂ ಕಾಲು ಹೂತುಹೋಗಿ ಆ ರಬ್ಬರಿನ ಚಿಮ್ಮು ಸತ್ತುಹೋಗುತ್ತದೆ.

ಹಗುರ ಭಾರ ಹೊತ್ತು ಜಿಗಿಯುವುದು

ಮೇಲಿನ ಎರಡರ ನಡುವೆ ಒಂದು ದಾರಿ ಇದೆ. ಅದನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಕೇಳಲ್ಲ. ಹಗುರ ಡಂಬಲ್ ಹಿಡಿದು, ಇಲ್ಲವೇ ಖಾಲಿ ಬಾರ್ ಹೊತ್ತು, ಆದಷ್ಟು ಎತ್ತರಕ್ಕೆ ಜಿಗಿಯುವುದು. ಮಾಮೂಲಿ ಸ್ಕ್ವಾಟ್‌ನಲ್ಲಿ ಮೇಲೆ ಬರುತ್ತಾ ಕೊನೆಯಲ್ಲಿ ವೇಗ ಕಮ್ಮಿ ಮಾಡಲೇಬೇಕು, ಇಲ್ಲದಿದ್ದರೆ ಬಾರ್ ಹೆಗಲಿಂದ ಹಾರುತ್ತದೆ. ಜಿಗಿಯುವಾಗ ಆ ಬ್ರೇಕ್ ಇರಲ್ಲ, ಕೊನೆಯ ತನಕ ತಳ್ಳುತ್ತೀರಿ. 1993ರಲ್ಲಿ ಆಸ್ಟ್ರೇಲಿಯಾದಲ್ಲಿ ಭಾರದ ಸ್ಕ್ವಾಟ್, ಪ್ಲಯೊ, ಹಗುರ ಭಾರದ ಜಿಗಿತ ಈ ಮೂರನ್ನೂ ಹತ್ತು ವಾರ ಹೋಲಿಸಿ ನೋಡಿದ್ದರು. ಒಟ್ಟಾರೆ ಮುಂದೆ ಬಂದದ್ದು ಈ ಮೂರನೆಯದೇ. ಅವರು ಮೊದಲೇ ಭಾರ ಎತ್ತಿ ಪಳಗಿದ್ದವರು ಅನ್ನುವುದನ್ನು ಮರೆಯಬೇಡಿ.

ನಾಲ್ಕು ಸೆಟ್, ನಾಲ್ಕೈದು ರೆಪ್, ಅಷ್ಟೇ. ಒಂದು ಜಿಗಿತ ಹಿಂದಿನದಕ್ಕಿಂತ ಕಣ್ಣಿಗೆ ಕಾಣುವಷ್ಟು ಕೆಳಗಾಯಿತು ಅಂದರೆ ಅಂದಿಗೆ ನಿಲ್ಲಿಸಿ. ಆರು ಮೂಲೆಯ ಟ್ರ್ಯಾಪ್ ಬಾರ್ ಸಿಕ್ಕರೆ ಇದಕ್ಕಿಂತ ಒಳ್ಳೆ ಸಾಮಾನು ಬೇರೆ ಇಲ್ಲ. ಅದರ ಒಳಗೆ ನಿಂತು ಪಕ್ಕದಲ್ಲಿ ಹಿಡಿಯುವುದರಿಂದ ಬೆನ್ನು ಆರಾಮ. ಇಲ್ಲದಿದ್ದರೆ ಡಂಬಲ್ ನಡೆಯುತ್ತದೆ.

ಪವರ್ ಕ್ಲೀನ್ ಬೇಕಾ?

ಒಲಿಂಪಿಕ್ಸ್‌ನಲ್ಲಿ ನೋಡುವ ವೇಟ್‌ಲಿಫ್ಟಿಂಗ್‌ನ ತಮ್ಮಂದಿರು ಇವು: ಪವರ್ ಕ್ಲೀನ್ (ಬಾರನ್ನು ನೆಲದಿಂದ ಒಂದೇ ಏಟಿಗೆ ಹೆಗಲಿಗೆ ಎತ್ತುವುದು), ಪವರ್ ಸ್ನ್ಯಾಚ್ (ನೇರ ತಲೆಯ ಮೇಲಕ್ಕೆ ಎತ್ತುವುದು). ಪಾದ, ಮೊಣಕಾಲು, ಸೊಂಟ ಮೂರೂ ಒಟ್ಟಿಗೆ ಸಿಡಿದು ನೆಟ್ಟಗಾಗುವುದು ಜಿಗಿತದ ಹಾಗೇ ಇರುತ್ತದೆ. ಕಲಿತವರಿಗೆ ಬಹಳ ಒಳ್ಳೆಯದು. ಆದರೆ ಕಲಿಯಲು ತಿಂಗಳುಗಳು ಬೇಕು, ಪಕ್ಕದಲ್ಲಿ ನಿಂತು ತಿದ್ದುವ ಕೋಚ್ ಬೇಕು, ಬಾರ್ ಬೀಳಿಸಿದರೆ ತಡೆಯುವ ನೆಲ ಬೇಕು. ವಿಡಿಯೋ ನೋಡಿ ಕಲಿತವರು ಮಾಡುವುದು ಕ್ಲೀನ್ ಆಗಿರುವುದಿಲ್ಲ, ಬೆನ್ನಿನಿಂದ ಎಳೆದು ಮಣಿಕಟ್ಟಿನ ಮೇಲೆ ಬೀಳಿಸಿಕೊಳ್ಳುವ ಸರ್ಕಸ್ಸು. ಮಣಿಕಟ್ಟು ಉಳುಕಿದರೆ ಶೂಟಿಂಗ್ ಹೋಯಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ನಿಮ್ಮ ಊರಲ್ಲಿ ವೇಟ್‌ಲಿಫ್ಟಿಂಗ್ ಕಲಿಸುವವರು ಇದ್ದರೆ ಹೋಗಿ. ಇಲ್ಲದಿದ್ದರೆ ಡಂಬಲ್ ಹಿಡಿದು ಜಿಗಿಯಿರಿ. ಕ್ಲೀನ್‌ನ ಲಾಭದಲ್ಲಿ ಬಹುಪಾಲು ಒಂದೇ ದಿನದಲ್ಲಿ ಕಲಿಯಬಹುದಾದ ಆ ಜಿಗಿತದಲ್ಲೇ ಸಿಗುತ್ತದೆ.

ಎರಡನ್ನೂ ಸೇರಿಸಿದರೆ

1992ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಣ್ಣ ಅಧ್ಯಯನ ಇವತ್ತಿಗೂ ಕೋಚ್‌ಗಳ ಬಾಯಲ್ಲಿದೆ. ಆರು ವಾರ, ಒಂದು ಗುಂಪಿಗೆ ಬರೀ ಸ್ಕ್ವಾಟ್, ಒಂದಕ್ಕೆ ಬರೀ ಪ್ಲಯೊ, ಇನ್ನೊಂದಕ್ಕೆ ಎರಡೂ. ಸ್ಕ್ವಾಟ್‌ನವರು 3.3 ಸೆಂ.ಮೀ. ಏರಿದರು, ಪ್ಲಯೊದವರು 3.8. ಎರಡೂ ಮಾಡಿದವರು 10.7. ಹತ್ತು ಸೆಂ.ಮೀ. ಎಲ್ಲರಿಗೂ ಬರುತ್ತದೆ ಅಂದುಕೊಂಡು ಕೂರಬೇಡಿ. ಅದು ಒಂದು ಗುಂಪಿನ, ಒಂದು ಸಲದ ಲೆಕ್ಕ. ಆದರೆ ಬಲವೂ ಚಿಮ್ಮೂ ಜೊತೆಯಾಗಿ ಬೆಳೆದರೆ ಒಂದೇ ಬೆಳೆದದ್ದಕ್ಕಿಂತ ವಾಸಿ ಅನ್ನುವ ಮಾತು ಆಮೇಲೂ ಮತ್ತೆ ಮತ್ತೆ ಕಂಡಿದೆ.

ಸೇರಿಸುವುದರಲ್ಲೂ ಎರಡು ಬಗೆ. ಸೋಮವಾರ ಭಾರ, ಗುರುವಾರ ಜಿಗಿತ ಅಂತ ಬೇರೆ ಬೇರೆ ದಿನ ಇಡುವುದು ಒಂದು. ಒಂದು ಭಾರದ ಸೆಟ್, ಮೂರ್ನಾಲ್ಕು ನಿಮಿಷ ಬಿಟ್ಟು ಜಿಗಿತದ ಒಂದು ಸೆಟ್, ಹೀಗೆ ಹೆಣೆಯುವುದು ಇನ್ನೊಂದು. ಈ ಎರಡನೆಯದನ್ನು ಕಾಂಟ್ರಾಸ್ಟ್ ಅನ್ನುತ್ತಾರೆ. ಭಾರ ಎತ್ತಿದ ಮೇಲೆ ಕಾಲು ಹಗುರ ಅನ್ನಿಸುತ್ತದೆ, ನರಗಳು ಎಚ್ಚರವಾಗಿರುತ್ತವೆ. ನೀರಿನ ಕೊಡ ಹೊತ್ತು ಬಂದು ಇಳಿಸಿದ ಮೇಲೆ ನಡೆದು ನೋಡಿ, ಹಾಗೆ. ಬಲವಾಗಿರುವವರಿಗೆ ಇದು ಕೆಲಸ ಮಾಡುತ್ತದೆ. ಹೊಸಬರಿಗೆ ಆ ಭಾರದ ಸೆಟ್ಟೇ ಸುಸ್ತು ತಂದು ಮುಂದಿನ ಜಿಗಿತ ಕೆಡುತ್ತದೆ. ವಾರಕ್ಕೆ ಎರಡೇ ದಿನ ಜಿಮ್ ಸಿಗುವ ಕಾಲೇಜು ಆಟಗಾರರಿಗೆ ಸಮಯ ಉಳಿಯುತ್ತದೆ ಅನ್ನುವುದು ಇದರ ದೊಡ್ಡ ಗುಣ.

ಓಟಕ್ಕೆ ಟೈರ್, ಇಳಿಜಾರು, ಮೆಟ್ಟಿಲು

ಸ್ಕ್ವಾಟ್‌ನ ಬಲ ಜಿಗಿತಕ್ಕೆ ಬೇಗ ಬರುತ್ತದೆ, ಓಟಕ್ಕೆ ಅಷ್ಟು ಬೇಗ ಬರಲ್ಲ. ಓಟದಲ್ಲಿ ಮುಂದಕ್ಕೆ ತಳ್ಳುವುದನ್ನು ಓಡಿಯೇ ಕಲಿಯಬೇಕು. ವಿದೇಶಗಳಲ್ಲಿ ಭಾರ ಹೇರಿದ ಸ್ಲೆಡ್ (ಜಾರುಬಂಡಿ) ಎಳೆಸುತ್ತಾರೆ. ನಮಗೆ ಹಳೇ ಟೈರ್, ಹಗ್ಗ, ಸೊಂಟಕ್ಕೆ ಒಂದು ಅಗಲದ ಬೆಲ್ಟ್ ಸಾಕು. ಖಾಲಿ ಓಟದಲ್ಲಿ 10 ಮೀಟರ್‌ಗೆ 1.9 ಸೆಕೆಂಡ್ ಹಿಡಿದರೆ, ಟೈರ್ ಎಳೆದಾಗ 2.4ರ ಹತ್ತಿರ ಬರುವಷ್ಟು ಭಾರ ಇಡಿ. 10-15 ಮೀಟರ್, ಐದಾರು ಸಲ, ನಡುವೆ ಎರಡು ನಿಮಿಷ. ಸ್ವಲ್ಪ ಏರು ಇರುವ ರಸ್ತೆಯಲ್ಲಿ ಓಡಿದರೂ ಇದೇ ಲಾಭ, ಮೈ ತಾನಾಗೇ ಮುಂದೆ ಬಾಗುತ್ತದೆ.

ಮೈಸೂರಿನ ಹುಡುಗರು ಕೇಳುತ್ತಾರೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದರೆ ಆಗಲ್ವಾ ಅಂತ. ಹತ್ತಿ, ಒಳ್ಳೆಯದೇ. ಉಸಿರು ಬಲವಾಗುತ್ತದೆ. ಮೊದಲ ಹೆಜ್ಜೆಯ ಚುರುಕು ಬೇಕಾದರೆ ಬರೀ ಹದಿನೈದು ಮೆಟ್ಟಿಲನ್ನು ಪ್ರಾಣ ಬಿಟ್ಟು ಓಡಿ ಹತ್ತಿ, ನಿಧಾನಕ್ಕೆ ಇಳಿದು ಬನ್ನಿ, ಎರಡು ನಿಮಿಷ ನಿಂತು ಮತ್ತೆ ಓಡಿ. ಸಾವಿರ ಮೆಟ್ಟಿಲಿನ ಕೊನೆಯ ಒಂಬೈನೂರು ನಿಧಾನದ ಅಭ್ಯಾಸವೇ.

ಹಿಂದೊಡೆಯನ್ನು, ಅಂದರೆ ತೊಡೆಯ ಹಿಂಭಾಗದ ಸ್ನಾಯುವನ್ನು ಮರೆಯಬೇಡಿ. ಮಂಡಿಯೂರಿ ಕೂತು, ಗೆಳೆಯ ಹಿಮ್ಮಡಿ ಹಿಡಿದುಕೊಂಡಿರುವಾಗ ಮೈಯನ್ನು ನಿಧಾನಕ್ಕೆ ಮುಂದಕ್ಕೆ ಬೀಳಿಸುವ ನಾರ್ಡಿಕ್ ಕರ್ಲ್‌ಗೆ ಒಂದು ರೂಪಾಯಿ ಖರ್ಚಿಲ್ಲ. ಅದನ್ನು ಮಾಡುವ ತಂಡಗಳಲ್ಲಿ ಹಿಂದೊಡೆಯ ಗಾಯ ಅರ್ಧದಷ್ಟು ಇಳಿದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮೊದಲ ವಾರ ಕೂರಲು ಏಳಲು ಆಗದಷ್ಟು ನೋವಿರುತ್ತದೆ. ಪಂದ್ಯದ ಹಿಂದಿನ ದಿನ ಮಾತ್ರ ಶುರು ಮಾಡಬೇಡಿ.

ನಮ್ಮ ಬಸ್ಕಿ?

ಇದನ್ನು ಕೇಳದೆ ಬಿಟ್ಟರೆ ಅಜ್ಜಂದಿರು ಬಯ್ಯುತ್ತಾರೆ. ಗರಡಿ ಮನೆಯ ದಂಡ, ಬಸ್ಕಿ ಕುಸ್ತಿಗೆ ಹುಟ್ಟಿದ್ದು. ಐನೂರು ಬಸ್ಕಿ ಹೊಡೆಯುವ ಪೈಲ್ವಾನನ ತೊಡೆಗೆ ದಣಿವೇ ಇಲ್ಲ. ಆದರೆ ದಣಿಯದೆ ಇರುವುದೂ ಒಂದೇ ಸಲಕ್ಕೆ ಸಿಡಿಯುವುದೂ ಬೇರೆ ಬೇರೆ. ಇಪ್ಪತ್ತು ಮೂವತ್ತು ಆದ ಮೇಲೆ ಬಸ್ಕಿ ಬಲದ ಕಸರತ್ತಾಗಿ ಉಳಿಯಲ್ಲ. ಹದಿಮೂರು ಹದಿನಾಲ್ಕರ ಮಕ್ಕಳಿಗೆ, ಇನ್ನೂ ಬಾರ್ ಮುಟ್ಟದವರಿಗೆ ಶುರುವಿನ ಕಸರತ್ತಾಗಿ ಚೆನ್ನ. ದೊಡ್ಡವರು ಬಿಸಿ ಮಾಡಿಕೊಳ್ಳಲು ಇಪ್ಪತ್ತು ಹೊಡೆದು, ಭಾರದ ಕಡೆ ಹೋಗಿ.

ಕಾಲಿಗೆ ಕಟ್ಟುವ ಮರಳಿನ ಚೀಲ, ಹಿಮ್ಮಡಿ ನೆಲ ಮುಟ್ಟದ ಹಾಗೆ ಮಾಡಿದ ಜಿಗಿತದ ಶೂ: ದುಡ್ಡು ಉಳಿಸಿಕೊಳ್ಳಿ. ಭಾರ ಕಟ್ಟಿಕೊಂಡು ಆಡಿದರೆ ಓಟದ ಲಯ ಕೆಡುತ್ತದೆ.

ನಿಮ್ಮ ಕಾಲನ್ನು ನೀವೇ ಅಳೆದು ನೋಡಿ

ಫೋನಿನ ಸ್ಲೋ ಮೋಷನ್ ಕ್ಯಾಮೆರಾ ಸಾಕು. ಸೆಕೆಂಡಿಗೆ 240 ಚಿತ್ರ ತೆಗೆಯುವಂತೆ ಇಟ್ಟು, ಗೆಳೆಯನಿಗೆ ನೆಲದ ಮಟ್ಟದಲ್ಲಿ ಹಿಡಿಯಲು ಹೇಳಿ. ಪಾದ ನೆಲ ಬಿಟ್ಟಲ್ಲಿಂದ ಮತ್ತೆ ಮುಟ್ಟುವ ತನಕ ಎಷ್ಟು ಚಿತ್ರ ಅಂತ ಎಣಿಸಿ, 240ರಿಂದ ಭಾಗಿಸಿ. ಬಂದ ಸೆಕೆಂಡನ್ನು ಅದರಿಂದಲೇ ಗುಣಿಸಿ, 122.6ರಿಂದ ಮತ್ತೊಮ್ಮೆ ಗುಣಿಸಿದರೆ ಎತ್ತರ ಸೆಂ.ಮೀ.ನಲ್ಲಿ ಬರುತ್ತದೆ. 144 ಚಿತ್ರ ಅಂದರೆ 0.6 ಸೆಕೆಂಡ್, 44 ಸೆಂ.ಮೀ. ಇಳಿಯುವಾಗ ಮೊಣಕಾಲು ಮಡಚಿ ಮೋಸ ಮಾಡಬಾರದು. ಏಳುವಾಗ ಹೇಗಿತ್ತೋ ಹಾಗೇ ಇಳಿಯಬೇಕು.

ಕೈ ಸೊಂಟದ ಮೇಲಿಟ್ಟು ಮೂರು ಬಗೆಯಲ್ಲಿ ಜಿಗಿಯಿರಿ. ಮೊದಲನೆಯದು, ಅರ್ಧ ಕೂತು ಮೂರು ಎಣಿಸಿ ಅಲ್ಲಿಂದಲೇ. ಎರಡನೆಯದು, ನಿಂತು ಸರ್ರನೆ ಕುಸಿದು. ಮೂರನೆಯದು, 30 ಸೆಂ.ಮೀ. ಕಟ್ಟೆಯಿಂದ ಇಳಿದ ತಕ್ಷಣ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚೇನೂ ಮೇಲಿಲ್ಲ ಅಂದರೆ ನಿಮ್ಮ ರಬ್ಬರ್ ಕೆಲಸ ಮಾಡುತ್ತಿಲ್ಲ, ಪ್ಲಯೊ ಬೇಕು. ಮೂರನೆಯದು ಎರಡನೆಯದಕ್ಕಿಂತ ತೀರಾ ಕೆಳಗೆ ಬಂದರೆ ಇಳಿದ ಹೊಡೆತ ತಡೆಯುವ ಶಕ್ತಿಯೇ ಇಲ್ಲ. ಆಗ ಬಾಕ್ಸ್ ಬದಿಗಿಟ್ಟು, ಬಲ ಮತ್ತು ಸರಿಯಾಗಿ ಇಳಿಯುವುದನ್ನು ಮೊದಲು ಕಲಿಯಿರಿ. ಮೂರೂ ಕಮ್ಮಿ, ಸ್ಕ್ವಾಟೂ ಮೈತೂಕದಷ್ಟೇ ಅಂದರೆ ಯೋಚನೆಯೇ ಬೇಡ, ಎಂಟು ವಾರ ಭಾರ. ಸ್ಕ್ವಾಟ್ ಚೆನ್ನಾಗಿದ್ದು ಜಿಗಿತ ಏರದೆ ನಿಂತಿದ್ದರೆ ಹಗುರ ಭಾರದ ಜಿಗಿತವೋ ಕಾಂಟ್ರಾಸ್ಟೋ ನೋಡಿ.

ಆಡುವ ಜಾಗದ ಮೇಲೂ ಸ್ವಲ್ಪ ಹೋಗುತ್ತದೆ. ರಿಂಗಿನ ಹತ್ತಿರ ನಿಲ್ಲುವ ಸೆಂಟರ್ ಆಡುವವರು ನೂಕುನುಗ್ಗಲಿನಲ್ಲಿ ಎರಡೂ ಕಾಲಲ್ಲಿ ನಿಂತಲ್ಲಿಂದ ಏಳಬೇಕು, ಭಾರದ ಕೆಲಸ ಅವರಿಗೆ ಬೇಗ ಫಲ ಕೊಡುತ್ತದೆ. ಚೆಂಡು ತಟ್ಟುತ್ತಾ ಆಟ ನಡೆಸುವ ಗಾರ್ಡ್‌ಗಳು ಟೈರ್, ಒಂಟಿ ಕಾಲಿನ ಜಿಗಿತ, ಸ್ಪ್ಲಿಟ್ ಸ್ಕ್ವಾಟ್ ಕಡೆ ವಾಲಬಹುದು. ಕುಳ್ಳಗಿದ್ದೇನೆ ಅಂತ ಕೊರಗುವವರಿಗೆ ಒಂದು ಹೆಸರು: ಸ್ಪಡ್ ವೆಬ್. ಸುಮಾರು ಐದು ಅಡಿ ಏಳು ಇಂಚು. 1986ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಡಂಕ್ ಸ್ಪರ್ಧೆ ಗೆದ್ದ. ಅದರಲ್ಲಿ ಹುಟ್ಟಿನಿಂದ ಬಂದದ್ದೂ ಬಹಳ ಇತ್ತು ಅನ್ನಿ.

ಹುಡುಗಿಯರು, ಮಕ್ಕಳು

2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಬಿ ಡಿವಿಷನ್ (ಎರಡನೇ ದರ್ಜೆಯ ಗುಂಪು) ಫೈನಲ್‌ನಲ್ಲಿ ನಮ್ಮವರು ಕಜಕಿಸ್ತಾನವನ್ನು 75-73ರಿಂದ ಸೋಲಿಸಿದರು. ಎರಡೇ ಪಾಯಿಂಟ್! ಅಂಥ ಪಂದ್ಯದ ಕೊನೆಯ ನಿಮಿಷದಲ್ಲಿ ಒಂದು ರಿಬೌಂಡ್‌ಗೆ ಯಾರ ಕಾಲು ಏಳುತ್ತದೆ ಅನ್ನುವುದು ಎಷ್ಟು ದೊಡ್ಡದು ಅಂತ ನೋಡಿ. ಆದರೂ ಹುಡುಗಿಯರು ಭಾರ ಎತ್ತಿದರೆ ಗಂಡುಬೀರಿ ಆಗುತ್ತಾರೆ ಅನ್ನುವ ಮಾತು ನಮ್ಮಲ್ಲಿ ಇನ್ನೂ ಹೋಗಿಲ್ಲ. ಮೊಣಕಾಲಿನ ಒಳಗಿನ ಎಸಿಎಲ್ ಅನ್ನುವ ಕಟ್ಟುನಾರು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲೇ ಜಾಸ್ತಿ. ಇಳಿಯುವಾಗ ಮಂಡಿಗಳು ಒಂದಕ್ಕೊಂದು ಹತ್ತಿರ ಬಾಗುವುದು ಅದರ ಒಂದು ಕಾರಣ. ಭಾರ ಎತ್ತುವುದು, ಸರಿಯಾಗಿ ಇಳಿಯಲು ಕಲಿಯುವುದು, ಎರಡೂ ಆ ಅಪಾಯವನ್ನು ಇಳಿಸುತ್ತವೆ. ಹುಡುಗಿಯರಿಗೆ ಸ್ಕ್ವಾಟ್ ಹುಡುಗರಿಗಿಂತ ಒಂದು ಪಾಲು ಹೆಚ್ಚೇ ಬೇಕು ಅನ್ನುವವನು ನಾನು.

ಭಾರ ಎತ್ತಿದರೆ ಮಕ್ಕಳು ಎತ್ತರ ಬೆಳೆಯಲ್ಲ ಅನ್ನುವುದೂ ಸುಳ್ಳು. ಸರಿಯಾಗಿ ನೋಡಿಕೊಳ್ಳುವವರು ಇದ್ದು, ಭಾರ ಹಗುರ ಇದ್ದರೆ ಹನ್ನೆರಡು ಹದಿಮೂರಕ್ಕೇ ಶುರು ಮಾಡಬಹುದು. ಸರಸರ ಎತ್ತರ ಬೆಳೆಯುವ ವರ್ಷದಲ್ಲಿ ಮೊಣಕಾಲ ಕೆಳಗೆ ಗಂಟಿನಂತೆ ಊದಿ ನೋಯುವುದು ಉಂಟು. ಆಗ ಜಿಗಿತ ಕಮ್ಮಿ ಮಾಡಿ, ಡಾಕ್ಟರಿಗೆ ತೋರಿಸಿ. ಆ ವಯಸ್ಸಿನಲ್ಲಿ ಡ್ರಾಪ್ ಜಂಪ್ ಬೇಡ. ಹಗ್ಗದಾಟ, ಕುಂಟೆಬಿಲ್ಲೆ ಆಡಿಸಿ. ಕುಂಟೆಬಿಲ್ಲೆಗಿಂತ ಒಳ್ಳೆ ಒಂಟಿ ಕಾಲಿನ ಪ್ಲಯೊ ಬೇರೆ ಯಾವುದಿದೆ?

ಟೂರ್ನಿ ಶುರುವಾದ ಮೇಲೆ

ಪಂದ್ಯಗಳು ಶುರುವಾದ ಕೂಡಲೇ ಜಿಮ್ ಬಿಟ್ಟುಬಿಡುವುದು ನಮ್ಮಲ್ಲಿ ರೂಢಿ. ಎರಡು ತಿಂಗಳಲ್ಲಿ ಗಳಿಸಿದ್ದು ಅಲ್ಲೇ ಕರಗುತ್ತದೆ. ವಾರಕ್ಕೆ ಒಂದೇ ದಿನ, ಇಪ್ಪತ್ತೈದು ನಿಮಿಷ ಸಾಕು. ಸ್ಕ್ವಾಟ್ ಎರಡು ಸೆಟ್, ಮೂರು ರೆಪ್. ಭಾರ ಇಳಿಸಬೇಡಿ, ಸಂಖ್ಯೆ ಮಾತ್ರ ಇಳಿಸಿ. ನಾರ್ಡಿಕ್ ಒಂದು ಸೆಟ್. ಪ್ಲಯೊ ಪೂರ್ತಿ ಬಿಡಿ, ಆಟದಲ್ಲೇ ನಲವತ್ತು ಐವತ್ತು ಜಿಗಿತ ಆಗುತ್ತದಲ್ಲ. ಬೆಂಚಿನ ಮೇಲೆ ಕೂತು ಹತ್ತು ನಿಮಿಷವೂ ಆಡದ ಹುಡುಗರಿಗೆ ಮಾತ್ರ ಪಂದ್ಯದ ಮರುದಿನ ಸ್ವಲ್ಪ ಜಿಗಿಸಿ, ಒಂದೆರಡು ಸಲ ಟೈರ್ ಎಳೆಸಿ. ಭಾರದ ದಿನಕ್ಕೂ ಪಂದ್ಯಕ್ಕೂ ನಡುವೆ ಎರಡು ರಾತ್ರಿ ನಿದ್ದೆ ಇರಲಿ.

ಯಾರಾದರೂ ಅಭ್ಯಾಸ ಮುಗಿದ ಮೇಲೆ ಕಪ್ಪೆ ಜಿಗಿತ ಅಂದರೆ, ಇವತ್ತಿನ ಲೆಕ್ಕ ಮುಗಿದಿದೆ ಸಾರ್ ಅನ್ನಿ.